ಯಾವ ಆಂಟಿವೈರಸ್ ಹಾಕ್ಕೊಳ್ಳೋದು ಮಾರಾಯ್ರೆ?

ಇಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನನ್ನು ಮದುವೆಮನೆಯಲ್ಲಿ ಹಿಡಿದು ಕೇಳುವ ಪ್ರಶ್ನೆಗಳು ಮೂರೇ. ಸಂಬಳ ಎಷ್ಟು? ನಿನ್ನ ಮದುವೆ ಯಾವಾಗ? ನಮ್ಮನೆ ಲ್ಯಾಪ್‌ಟಾಪಿಗೆ ಯಾವ ಆಂಟಿವೈರಸ್ ಹಾಕಬೇಕು? ಮೊದಲೆರಡಕ್ಕೆ ನಕ್ಕು ತಪ್ಪಿಸಿಕೊಳ್ಳಬಹುದು. ಮೂರನೆಯದಕ್ಕೆ ಉತ್ತರ ಕೊಡದೆ ಪಂಕ್ತಿಯಿಂದ ಏಳೋಕೆ ಬಿಡಲ್ಲ :-) ನಾನು ಬರೆಯೋದು ಬಿಲ್ಲಿಂಗ್ ತಂತ್ರಾಂಶದ ಕೋಡು, ವೈರಸ್ಸಿಗೂ ನನಗೂ ಅಷ್ಟೇನೂ ನಂಟಿಲ್ಲ ಅಂದ್ರೆ "ಕಂಪ್ಯೂಟರ್ ಓದಿದೀಯ ತಾನೆ?" ಅಂತಾರೆ. ಅದಕ್ಕೇ ಒಮ್ಮೆ ಇಲ್ಲಿ ಬರೆದು ಹಾಕಿಬಿಡ್ತೀನಿ. ಇನ್ನು ಮುಂದೆ ಕೇಳಿದವರಿಗೆ ಕೊಂಡಿ ಕಳಿಸಿದರಾಯ್ತು.

ನನ್ನ ಉತ್ತರ ಚಿಕ್ಕದು. ವಿಂಡೋಸ್ ಇರುವ ಮನೆ ಕಂಪ್ಯೂಟರಿಗೆ ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳಬೇಡಿ, ಒಳಗೇ ಬಂದಿರೋದು ಸಾಕು. ಫೋನಿಗೆ ದುಡ್ಡಿನದೂ ಬೇಡ, ಪುಕ್ಕಟೆಯದೂ ಬೇಡ. ಉಳಿದ ದುಡ್ಡಲ್ಲಿ ಒಂದು ಹಾರ್ಡ್ ಡಿಸ್ಕ್ ತಗೊಳ್ಳಿ. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪೆಯಾಗುತ್ತೆ. ಡಾಕ್ಟರ ಹತ್ತಿರ ಹೋದವರಿಗೆ ಇಂಜೆಕ್ಷನ್ ಕೊಡದೆ "ಬಿಸಿನೀರು ಕುಡಿಯಿರಿ" ಅಂತ ಕಳಿಸಿದ ಹಾಗೆ! ಆದ್ದರಿಂದ ಕಾರಣಗಳನ್ನೂ ಹೇಳಬೇಕು.

ಹಾಗೆ ನೋಡಿದ್ರೆ ಈ ವೈರಸ್ ಸಂತತಿಗೆ ನಮ್ಮ ನೆರೆಮನೆಯವರೇ ಮೂಲಪುರುಷರು. ಐಬಿಎಂ ಪಿಸಿಗಳಿಗೆ ಅಂಟಿದ ಮೊದಲ ವೈರಸ್ 'ಬ್ರೇನ್' ಹುಟ್ಟಿದ್ದು 1986ರಲ್ಲಿ, ಲಾಹೋರಿನಲ್ಲಿ. ಬರೆದ ಅಣ್ಣತಮ್ಮಂದಿರು ಎಷ್ಟು ಪ್ರಾಮಾಣಿಕರು ಅಂದ್ರೆ ವೈರಸ್ಸಿನೊಳಗೇ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಎಲ್ಲ ಹಾಕಿದ್ದರು. ಈಗಿನವರಿಗೆ ಆ ಮರ್ಯಾದೆ ಎಲ್ಲಿದೆ ಬಿಡಿ.

ಆಂಟಿವೈರಸ್ ಕೆಲಸ ಮಾಡೋದು ಹೇಗೆ ಅನ್ನೋದಕ್ಕೆ ನಾನು ಪೊಲೀಸ್ ಠಾಣೆಯ ಉದಾಹರಣೆ ಕೊಡ್ತೀನಿ. ಠಾಣೆಯ ಗೋಡೆಯ ಮೇಲೆ ರೌಡಿಗಳ ಫೋಟೋ ಇರುತ್ತಲ್ಲ, ಹಾಗೆ ಆಂಟಿವೈರಸ್ ಹತ್ತಿರವೂ ಗೊತ್ತಿರುವ ಕೇಡಿಗಳ ಗುರುತಿನ ಪಟ್ಟಿ ಇರುತ್ತೆ. ಕಂಪ್ಯೂಟರಿನೊಳಗೆ ಬರುವ ಪ್ರತಿ ಕಡತವನ್ನೂ ಆ ಪಟ್ಟಿಗೆ ಹೋಲಿಸಿ ನೋಡುತ್ತೆ. ಇದು ಹಳೇ ವಿಧಾನ. ಪಟ್ಟಿಯಲ್ಲಿ ಇಲ್ಲದ ಹೊಸಬ ಬಂದರೆ? ಅದಕ್ಕೆ ಎರಡನೇ ವಿಧಾನ: ರಾತ್ರಿ ಎರಡು ಗಂಟೆಗೆ ಕೈಯಲ್ಲಿ ಹಾರೆ ಹಿಡಿದು ಬೀದಿಯಲ್ಲಿ ತಿರುಗುವವನ ಫೋಟೋ ಗೋಡೆ ಮೇಲೆ ಇಲ್ಲದಿದ್ದರೂ ನಿಲ್ಲಿಸಿ ಕೇಳ್ತಾರೆ ತಾನೆ? ಒಂದು ತಂತ್ರಾಂಶ ಇದ್ದಕ್ಕಿದ್ದ ಹಾಗೆ ನಿಮ್ಮ ಫೋಟೋಗಳನ್ನೆಲ್ಲ ಒಂದೊಂದಾಗಿ ತಿದ್ದಿ ಬೇರೆ ಹೆಸರಲ್ಲಿ ಉಳಿಸೋಕೆ ಶುರು ಮಾಡಿದರೆ ಅದನ್ನು ಹಿಡಿದು ನಿಲ್ಲಿಸೋದು ಹೀಗೆ. ಮೂರನೆಯದು, ಅನುಮಾನ ಬಂದ ಕಡತದ ಗುರುತನ್ನು ಅಂತರ್ಜಾಲದ ಮೂಲಕ ಕಂಪನಿಗೆ ಕಳಿಸಿ "ಇವನು ಬೇರೆ ಎಲ್ಲಾದರೂ ಸಿಕ್ಕಿಬಿದ್ದಿದಾನಾ?" ಅಂತ ಕೇಳೋದು. ಈಗ ಎಲ್ಲ ದೊಡ್ಡ ಆಂಟಿವೈರಸ್‌ಗಳೂ ಮೂರನ್ನೂ ಮಾಡ್ತವೆ. ಹಾಗಾಗಿ ಇದು ಭಾರಿ, ಅದು ಸಪ್ಪೆ ಅನ್ನುವಂಥ ಅಂತರ ಮನೆ ಬಳಕೆಯಲ್ಲಿ ಕಾಣೋದು ಕಷ್ಟ.

ಎರಡನೇ ವಿಧಾನಕ್ಕೆ ಒಂದು ಅಡ್ಡಪರಿಣಾಮ ಇದೆ, ಅದು ನಮ್ಮಂಥ ಕನ್ನಡ ಕುಟ್ಟುವವರಿಗೆ ಸಂಬಂಧಿಸಿದ್ದು. ನಾವು ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಅಕ್ಷರ ಮೂಡಿಸುವ ಪುಟ್ಟ ತಂತ್ರಾಂಶಗಳಿವೆಯಲ್ಲ, ಅವು ಮಾಡುವುದು ಏನು? ನಾವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಬದಲಾಯಿಸುವುದು. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಮೊದಲರ್ಧ ಅದೇ. ಹೋದ ವರ್ಷ ನನ್ನ ಲ್ಯಾಪ್‌ಟಾಪಲ್ಲಿ ಒಂದು ಆಂಟಿವೈರಸ್‌ನ ಟ್ರಯಲ್ ಹಾಕಿ ನೋಡ್ತಾ ಇದ್ದಾಗ ಅದು ನಾನು ವರ್ಷಗಟ್ಟಲೆ ಬಳಸಿದ ಕನ್ನಡ ಕೀಲಿಮಣೆ ತಂತ್ರಾಂಶವನ್ನು ಹಿಡಿದು ಕೂಡಿಹಾಕಿತ್ತು. ಹಾಗೇನಾದರೂ ಆದರೆ ಗಾಬರಿಯಾಗಬೇಡಿ, ಆಂಟಿವೈರಸ್ಸನ್ನೇ ಪೂರ್ತಿ ಆಫ್ ಮಾಡಲೂಬೇಡಿ. ಅದು ಅಧಿಕೃತ ತಾಣದಿಂದ ಇಳಿಸಿಕೊಂಡಿದ್ದೇ ಅಂತ ಖಾತ್ರಿ ಮಾಡಿಕೊಂಡು ಆ ಒಂದು ಕಡತಕ್ಕೆ ಮಾತ್ರ ವಿನಾಯಿತಿ ಕೊಡಿ.

ಸರಿ, ವಿಂಡೋಸಿನ ವಿಷಯಕ್ಕೆ ಬರ್ತೀನಿ. ನಮ್ಮ ಅಣ್ಣಂದಿರ ಕಾಲದಲ್ಲಿ, ಅಂದ್ರೆ ಎಕ್ಸ್‌ಪಿ ದಿನಗಳಲ್ಲಿ, ವಿಂಡೋಸಿನೊಳಗೆ ಆಂಟಿವೈರಸ್ ಅನ್ನೋದೇ ಇರಲಿಲ್ಲ. ಆಗ ಕೊಳ್ಳದೆ ಗತಿ ಇರಲಿಲ್ಲ. ಮೈಕ್ರೋಸಾಫ್ಟ್ 2009ರಲ್ಲಿ ಸೆಕ್ಯುರಿಟಿ ಎಸೆನ್ಶಿಯಲ್ಸ್ ಅಂತ ಪುಕ್ಕಟೆಯದೊಂದು ಬಿಟ್ಟಿತು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಅನ್ನುವ ಹೆಸರಲ್ಲಿ ಅದು ವಿಂಡೋಸಿನ ಜೊತೆಯಲ್ಲೇ ಬರತೊಡಗಿತು. ಶುರುವಿನಲ್ಲಿ ಅದರ ಅವಸ್ಥೆ ಚೆನ್ನಾಗಿರಲಿಲ್ಲ. ಜರ್ಮನಿಯಲ್ಲಿ ಎವಿ-ಟೆಸ್ಟ್ ಅನ್ನುವ ಪ್ರಯೋಗಾಲಯ ಇದೆ, ಎಲ್ಲ ಆಂಟಿವೈರಸ್‌ಗಳಿಗೂ ಪರೀಕ್ಷೆ ಇಟ್ಟು ಅಂಕ ಕೊಡುತ್ತೆ. ರಕ್ಷಣೆಗೆ 6, ಕಂಪ್ಯೂಟರನ್ನು ನಿಧಾನ ಮಾಡದೆ ಇರೋದಕ್ಕೆ 6, ಸುಮ್ಮಸುಮ್ಮನೆ ಕಿರುಚದೆ ಇರೋದಕ್ಕೆ 6, ಒಟ್ಟು 18. 2012ರ ಕೊನೆಯಲ್ಲಿ ಸೆಕ್ಯುರಿಟಿ ಎಸೆನ್ಶಿಯಲ್ಸ್ ಈ ಪರೀಕ್ಷೆಯಲ್ಲಿ ಪ್ರಮಾಣಪತ್ರವನ್ನೇ ಕಳೆದುಕೊಂಡಿತ್ತು. "ಮೈಕ್ರೋಸಾಫ್ಟಿನದು ಪ್ರಯೋಜನಕ್ಕಿಲ್ಲ" ಅನ್ನುವ ಮಾತು ಆಗ ಹುಟ್ಟಿದ್ದು, ಆಗ ಅದು ಸರಿಯೇ ಇತ್ತು. ಆದರೆ ಆಮೇಲೆ ಅದೇ ಡಿಫೆಂಡರ್ ಅದೇ ಪರೀಕ್ಷೆಯಲ್ಲಿ 18ಕ್ಕೆ 18 ಹಲವು ಸಲ ತಗೊಂಡಿದೆ. ಮಾತು ಮಾತ್ರ ಹಾಗೇ ಉಳಿದುಬಿಟ್ಟಿದೆ, ಕಂಪ್ಯೂಟರ್ ಅಂಗಡಿಯವರ ಬಾಯಲ್ಲಂತೂ. ಅವರ ತಪ್ಪು ಅಂತಲ್ಲ, ಎಸ್‌ಪಿ ರೋಡಲ್ಲಿ ಲ್ಯಾಪ್‌ಟಾಪ್ ಮಾರಿದರೆ ಸಿಗುವ ಲಾಭ ಎಷ್ಟು ಸಣ್ಣದು ಅಂತ ಎಲ್ಲರಿಗೂ ಗೊತ್ತು. ಬ್ಯಾಗು, ಮೌಸು, ಆಂಟಿವೈರಸ್ ಡಬ್ಬ ಇವುಗಳಲ್ಲೇ ಅವರಿಗೆ ನಾಲ್ಕು ಕಾಸು.

ಹೊಸ ಲ್ಯಾಪ್‌ಟಾಪ್ ಕೊಂಡಾಗ ಯಾವುದೋ ಆಂಟಿವೈರಸ್‌ನ ಟ್ರಯಲ್ ಮೊದಲೇ ಹಾಕಿಟ್ಟಿರ್ತಾರೆ. ಬೇರೆಯವರು ಬಂದು ಕೂತರೆ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತೆ. ಟ್ರಯಲ್ ಮುಗಿದ ಮೇಲೆ "ನೀವು ಅಪಾಯದಲ್ಲಿದ್ದೀರಿ" ಅಂತ ಕೆಂಪು ಅಕ್ಷರ ದಿನಾ ಬರುತ್ತೆ, ಅಪ್ಪ ಅಮ್ಮ ಹೆದರಿ ಕಾರ್ಡ್ ನಂಬರ್ ಹಾಕ್ತಾರೆ. ಮೊದಲ ವರ್ಷ ಕಡಿಮೆ ಬೆಲೆ, ಎರಡನೇ ವರ್ಷ ಪೂರ್ತಿ ಬೆಲೆ, ಅದೂ ತಾನಾಗೇ ಕಡಿತ. ಮಾಡಬೇಕಾದ್ದು ಇಷ್ಟೇ: ಸೆಟ್ಟಿಂಗ್ಸಿಗೆ ಹೋಗಿ ಆ ಟ್ರಯಲ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯುರಿಟಿ ತೆರೆದು ಹಸಿರು ಗುರುತು ಇದೆಯಾ ನೋಡಿ. ಡಿಫೆಂಡರ್ ಎದ್ದು ಕೂತಿರುತ್ತೆ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಿದರೆ ಎರಡು ಪಟ್ಟು ರಕ್ಷಣೆ ಅಂತ ಕೆಲವರು ಅಂದುಕೊಂಡಿರ್ತಾರೆ. ಎರಡೂ ಒಂದೇ ಕಡತವನ್ನು ಹಿಡಿದು ಎಳೆದಾಡಿ ಕಂಪ್ಯೂಟರ್ ಎತ್ತಿನಗಾಡಿ ಆಗುತ್ತೆ ಅಷ್ಟೆ.

"ಆದರೂ ಇನ್ನೊಂದು ಇರಲಿ ಬಿಡು, ನಷ್ಟ ಏನು?" ಅಂತ ಕೇಳ್ತಾರೆ. ನಷ್ಟ ಇದೆ ಸ್ವಾಮಿ. ಇದು ನಾನು ಸ್ವಲ್ಪ ಜೋರಾಗೇ ಹೇಳಬೇಕಾದ ಮಾತು. ಆಂಟಿವೈರಸ್ ಅಂದ್ರೆ ಮನೆಯ ಎಲ್ಲ ಕೋಣೆಯ ಬೀಗದಕೈ ಇರುವ ಕಾವಲುಗಾರ. ನಿಮ್ಮ ಪ್ರತಿ ಕಡತ ಓದಬಹುದು, ಬೇಡ ಅನ್ನಿಸಿದ್ದನ್ನು ಅಳಿಸಬಹುದು, ನೀವು ಯಾವ ತಾಣಕ್ಕೆ ಹೋಗ್ತೀರಿ ಅಂತ ನೋಡಬಹುದು. ಅಂಥವನನ್ನು ಇಟ್ಟುಕೊಳ್ಳುವಾಗ ಅವನ ಕುಲಗೋತ್ರ ವಿಚಾರಿಸಬೇಕು. 2010ರ ಏಪ್ರಿಲ್ 21ರಂದು ಮ್ಯಾಕೆಫಿ ಕಳಿಸಿದ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯದ್ದೇ ಒಂದು ಮುಖ್ಯ ಕಡತವನ್ನು ವೈರಸ್ ಅಂತ ತಿಳಿದು ತೆಗೆದುಹಾಕಿತು. ಜಗತ್ತಿನಾದ್ಯಂತ ಕಂಪ್ಯೂಟರ್‌ಗಳು ಆನ್ ಆಗಿ ಆಫ್ ಆಗಿ ಆನ್ ಆಗಿ ಒದ್ದಾಡಿದವು. 2024ರ ಜುಲೈ 19 ಅಂತೂ ಎಲ್ಲರಿಗೂ ನೆನಪಿರುತ್ತೆ. ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪೆನ್ನಿಂದ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಅದು ಕಚೇರಿಗಳು ಬಳಸುವ ತಂತ್ರಾಂಶ, ಮನೆಯದಲ್ಲ, ನಿಜ. ಆದರೆ ಕಾವಲುಗಾರ ಎಷ್ಟು ಒಳಗೆ ಕೂತಿರ್ತಾನೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಅವು ಕೈತಪ್ಪಿ ಆದದ್ದು. ಬೇಕೆಂದೇ ಮಾಡಿದ್ದೂ ಇದೆ. ನಮ್ಮಲ್ಲಿ ಎಷ್ಟೋ ಜನ ಹಾಕಿಕೊಂಡಿದ್ದ ಪುಕ್ಕಟೆ ಅವಾಸ್ಟ್ ನೆನಪಿದೆಯಾ? ತನ್ನ ಬಳಕೆದಾರರು ಯಾವ ಯಾವ ತಾಣ ನೋಡ್ತಾರೆ ಅನ್ನುವ ಮಾಹಿತಿಯನ್ನು ಅದು ಜಂಪ್‌ಶಾಟ್ ಎಂಬ ತನ್ನದೇ ಉಪಕಂಪನಿಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಅದನ್ನು ಬಯಲಿಗೆ ತಂದ ಮೇಲೆ ಜಂಪ್‌ಶಾಟ್ ಬಾಗಿಲು ಹಾಕಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಟ್ಟಿ ಅಂದಿತು. ಕಳ್ಳರಿಂದ ಕಾಯ್ತೀನಿ ಅಂತ ಬಂದವನು ನಮ್ಮ ಮನೆಗೆ ಯಾರು ಬಂದರು, ಯಾರು ಹೋದರು ಅಂತ ಬೀದಿ ತುದಿಯ ಅಂಗಡಿಯಲ್ಲಿ ಮಾರಿಕೊಂಡ ಹಾಗಾಯ್ತು. ಅಂದ ಹಾಗೆ, ಅವಾಸ್ಟ್ ಬೇಡ, ಎವಿಜಿ ಹಾಕ್ತೀನಿ, ಇಲ್ಲಾಂದ್ರೆ ಅವಿರಾ, ಅದೂ ಬೇಡ ಅಂದ್ರೆ ನಾರ್ಟನ್ ಅಂತ ಸುತ್ತುವವರಿಗೆ ಒಂದು ಮಾತು. ಈ ನಾಲ್ಕೂ ಈಗ ಜೆನ್ ಡಿಜಿಟಲ್ ಅನ್ನುವ ಒಂದೇ ಕಂಪನಿಯವು. ಅಂಗಡಿ ನಾಲ್ಕು, ಗಲ್ಲಾಪೆಟ್ಟಿಗೆ ಒಂದು.

ಅಮೆರಿಕದಲ್ಲಿರುವ ಕನ್ನಡ ಬ್ಲಾಗಿಗರಲ್ಲಿ ಕ್ಯಾಸ್ಪರ್‌ಸ್ಕೀ ಬಳಸುತ್ತಿದ್ದವರಿಗೆ ಇನ್ನೊಂದು ಅನುಭವ ಆಗಿರುತ್ತೆ. ರಷ್ಯಾದ ಕಂಪನಿ ಅನ್ನುವ ಕಾರಣಕ್ಕೆ 2024ರ ಜೂನಿನಲ್ಲಿ ಅಲ್ಲಿನ ಸರ್ಕಾರ ಅದರ ಮಾರಾಟವನ್ನೂ, ಸೆಪ್ಟೆಂಬರ್ ಕೊನೆಯಿಂದ ಅಪ್‌ಡೇಟನ್ನೂ ನಿಷೇಧಿಸಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕ್ಯಾಸ್ಪರ್‌ಸ್ಕೀ ಮಾಯ, ಅದರ ಜಾಗದಲ್ಲಿ ಅಲ್ಟ್ರಾಎವಿ ಅನ್ನುವ ಬೇರೇನೋ ಕೂತಿದೆ! ಮಿಂಚಂಚೆ ಕಳಿಸಿದ್ದೆವು ಅಂತ ಕಂಪನಿ ಅಂದಿತು. ಅದನ್ನು ಓದದೆ ಬಿಟ್ಟವರಿಗೆ ಇದೇ ವೈರಸ್ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಕ್ಯಾಸ್ಪರ್‌ಸ್ಕೀ ಕೇಡಿಗಳನ್ನು ಹಿಡಿಯುವುದರಲ್ಲಿ ಒಳ್ಳೆಯದೇ. ಆದರೆ ಬೀಗದಕೈ ಕೊಟ್ಟ ಮೇಲೆ ಅದು ಯಾರ ಕೈಗೆ ದಾಟುತ್ತೆ ಅನ್ನೋದು ನಮ್ಮ ಹಿಡಿತದಲ್ಲಿ ಇರಲ್ಲ. ವಿಂಡೋಸ್ ಬಳಸುವವರು ಮೈಕ್ರೋಸಾಫ್ಟನ್ನು ಹೇಗೂ ನಂಬಿ ಆಗಿದೆ, ಇಷ್ಟ ಇರಲಿ ಇಲ್ಲದಿರಲಿ. ಮತ್ತೊಬ್ಬರನ್ನು ಏಕೆ ಸೇರಿಸಿಕೊಳ್ಳಬೇಕು ಅನ್ನೋದು ನನ್ನ ವಾದ.

ಈಗ ಫೋನು. ನಿಜ ಹೇಳಬೇಕಂದ್ರೆ ಇದನ್ನೆಲ್ಲ ಬರೆಯೋಕೆ ಕೂತಿದ್ದೇ ಫೋನಿನಿಂದಾಗಿ.

ಸಾಗರದ ಹತ್ತಿರ ನನ್ನ ಸೋದರಮಾವ ಇದಾರೆ, ಅಡಿಕೆ ತೋಟ. ಬಹಳ ಹುಷಾರಿನ ಮನುಷ್ಯ. ಓಟಿಪಿ ಯಾರಿಗೂ ಹೇಳಲ್ಲ, ಬ್ಯಾಂಕಿನವರು ಅಂತ ಫೋನ್ ಬಂದರೆ ಬೈದು ಇಡ್ತಾರೆ. ಫೋನಲ್ಲಿ ಒಂದಲ್ಲ ಎರಡು ಆಂಟಿವೈರಸ್ ಆಪ್ ಹಾಕಿಸಿಕೊಂಡಿದ್ದರು, ಅದರಲ್ಲಿ ಒಂದಕ್ಕೆ ವರ್ಷಕ್ಕಿಷ್ಟು ಅಂತ ದುಡ್ಡೂ ಕಟ್ಟುತ್ತಿದ್ದರು. ಹೋದ ಸೀಸನ್ನಿನಲ್ಲಿ ಗುರುತಿನವರೊಬ್ಬರ ನಂಬರಿನಿಂದಲೇ ವಾಟ್ಸಾಪಿನಲ್ಲಿ ಮದುವೆ ಕಾಗದ ಬಂತು. ಚಿತ್ರವೂ ಅಲ್ಲ, ಪಿಡಿಎಫ್ಫೂ ಅಲ್ಲ, ಎಪಿಕೆ ಕಡತ. ಒತ್ತಿದರು. ಫೋನು ಏನೇನೋ ಕೇಳಿತು, ಎಲ್ಲದಕ್ಕೂ ಅಲೋ ಕೊಟ್ಟರು. ಮದುವೆ ಕಾಗದ ಕಾಣಲಿಲ್ಲ, ನೆಟ್‌ವರ್ಕ್ ಇಲ್ಲ ಅಂದುಕೊಂಡು ಮಲಗಿದರು. ಬೆಳಗಾಗುವಷ್ಟರಲ್ಲಿ ಮೂರು ಕಂತಲ್ಲಿ 92 ಸಾವಿರ ಖಾಲಿ. ಕೊನೆ ಕೊಯ್ಯುವವರಿಗೆ, ಅಡಿಕೆ ಸುಲಿಯುವವರಿಗೆ ಅಂತ ಇಟ್ಟ ದುಡ್ಡು. ಓಟಿಪಿ ಬಂದ ಮೆಸೇಜುಗಳನ್ನು ಆ ಆಪು ಓದಿ ಓದಿ ಆ ಕಡೆಗೆ ಕಳಿಸಿದೆ. ಮಾವ ಯಾರಿಗೂ ಓಟಿಪಿ ಹೇಳಿರಲೇ ಇಲ್ಲ!

ನಾನು ಹೋಗಿ ಫೋನ್ ತೆಗೆದು ನೋಡಿದರೆ ಆಂಟಿವೈರಸ್ ಆಪು ಹಸಿರು ಬಣ್ಣದಲ್ಲಿ "ನಿಮ್ಮ ಸಾಧನ ಸುರಕ್ಷಿತವಾಗಿದೆ" ಅಂತ ತೋರಿಸ್ತಾ ಇತ್ತು. "ಆಂಟಿವೈರಸ್ ಇತ್ತಲ್ಲ ಮಾರಾಯ, ಮತ್ತೆ ಹೆಂಗೆ ಹೋಯ್ತು?" ಅಂತ ಮಾವ ಕೇಳಿದರು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ಅರ್ಥವಾಗದೆ. ಇದನ್ನು ಬಿಡಿಸಿ ಹೇಳೋಕೆ ನನಗೆ ಒಂದು ಸಂಜೆ ಪೂರ್ತಿ ಬೇಕಾಯ್ತು.

ಆಂಡ್ರಾಯ್ಡ್ ಫೋನು ವಠಾರ ಇದ್ದ ಹಾಗೆ. ಪ್ರತಿ ಆಪಿಗೂ ಒಂದೊಂದು ಮನೆ, ಒಬ್ಬರ ಮನೆಯೊಳಗೆ ಇನ್ನೊಬ್ಬರು ಹೋಗುವಂತಿಲ್ಲ. ಹೀಗೆ ಬೇರೆ ಬೇರೆ ಇಟ್ಟಿರೋದೇ ಮುಖ್ಯ ರಕ್ಷಣೆ. ನೀವು ಹಾಕಿಕೊಂಡ ಆಂಟಿವೈರಸ್ ಆಪು ಈ ವಠಾರದ ಓನರ್ ಅಲ್ಲ, ಅದೂ ಒಬ್ಬ ಬಾಡಿಗೆದಾರ. ಹೊಸಬರು ಬಂದಾಗ ಅವರ ಹೆಸರು, ತಂದ ಸಾಮಾನು ನೋಡಿ "ಇವರು ಸರಿ ಇಲ್ಲ" ಅಂತ ಕೂಗಬಹುದು. ಒಳಗೆ ಬಾಗಿಲು ಹಾಕಿಕೊಂಡು ಏನು ಮಾಡ್ತಿದಾರೆ ಅಂತ ನೋಡೋಕಾಗಲ್ಲ. ಕಂಪ್ಯೂಟರಿನಲ್ಲಿ ಇರುವ ಹಾಗೆ ಎಲ್ಲ ಕೋಣೆಯ ಬೀಗದಕೈ ಇಲ್ಲಿ ಸಿಗಲ್ಲ. ಈ ಮದುವೆ ಕಾಗದದವರು ಆಗಾಗ ಹೆಸರು, ವೇಷ ಬದಲಿಸಿ ಹೊಸ ಎಪಿಕೆ ಮಾಡ್ತಾರೆ, ಗೋಡೆಯ ಮೇಲಿನ ಫೋಟೋಗೆ ಹೊಂದಲ್ಲ. ಎಸ್‌ಎಮ್‌ಎಸ್ ಓದಲು ಅನುಮತಿ ಕೇಳುವ ಒಳ್ಳೆಯ ಆಪುಗಳೂ ಇವೆ. ಅದಕ್ಕಿಂತ ಹೆಚ್ಚಾಗಿ, ಅನುಮತಿ ಕೊಟ್ಟವರು ಮನೆಯ ಯಜಮಾನರೇ. ಕೇಡಿ ಎಂದು ಕೂಗಲು ಆಪಿಗೆ ಆಧಾರವೇ ಇಲ್ಲ.

ಇನ್ನು ಈ ಆಪುಗಳ ಯೋಗ್ಯತೆ. 2014ರಲ್ಲಿ ವೈರಸ್ ಶೀಲ್ಡ್ ಅನ್ನೋದೊಂದು ಗೂಗಲ್ ಪ್ಲೇನಲ್ಲಿ 3.99 ಡಾಲರಿಗೆ ಸಾವಿರಾರು ಸಲ ಮಾರಾಟವಾಯ್ತು. ಬಿಚ್ಚಿ ನೋಡಿದರೆ ಅದರೊಳಗೆ ಇದ್ದದ್ದು ಒಂದೇ ಕೆಲಸ: ಒತ್ತಿದರೆ ತಪ್ಪು ಗುರುತಿನ ಚಿತ್ರ ಹೋಗಿ ಸರಿ ಗುರುತಿನ ಚಿತ್ರ ಬರೋದು. ಗೂಗಲ್ ಕೊನೆಗೆ ದುಡ್ಡು ವಾಪಸ್ ಕೊಟ್ಟಿತು. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಅನ್ನುವ ಸಂಸ್ಥೆ 2019ರಲ್ಲಿ 250 ಆಂಡ್ರಾಯ್ಡ್ ಆಂಟಿವೈರಸ್‌ಗಳನ್ನು ಪರೀಕ್ಷೆ ಮಾಡಿತು. ನೂರಕ್ಕೆ ಮೂವತ್ತು ಕೇಡಿಗಳನ್ನಾದರೂ ಹಿಡಿದು, ಒಳ್ಳೆಯವರನ್ನು ಬಿಟ್ಟಿದ್ದು ಕೇವಲ 80. ನೂರಕ್ಕೆ ಮೂವತ್ತು ಅಂದ್ರೆ ನಮ್ಮ ವಿಟಿಯುನಲ್ಲೂ ಫೇಲು! ಕೆಲವು ಆಪುಗಳ ಹತ್ತಿರ ಒಳ್ಳೆಯವರ ಹೆಸರಿನ ಪಟ್ಟಿ ಮಾತ್ರ ಇತ್ತಂತೆ, ಪಟ್ಟಿಯಲ್ಲಿ ಇಲ್ಲದವರೆಲ್ಲ ಕೇಡಿಗಳು. ಬರೆದವರು ಆ ಪಟ್ಟಿಗೆ ತಮ್ಮ ಆಪಿನ ಹೆಸರನ್ನೇ ಸೇರಿಸಲು ಮರೆತು, ಆಂಟಿವೈರಸ್ ತನ್ನನ್ನೇ ತಾನು ಅಪಾಯಕಾರಿ ಅಂತ ತೋರಿಸಿದ್ದೂ ಉಂಟು. ಒಂದು ಲೆಕ್ಕದಲ್ಲಿ ಅದು ನಿಜವೇ ಹೇಳಿತು :-)

ಹಾಗಾದ್ರೆ ಮಾವನ ದುಡ್ಡು ಉಳಿಸುವಂಥದ್ದು ಏನಾದರೂ ಇತ್ತಾ? ಇತ್ತು, ಪುಕ್ಕಟೆಯಾಗಿ ಫೋನೊಳಗೇ ಇತ್ತು. ಪ್ಲೇ ಪ್ರೊಟೆಕ್ಟ್ ಅಂತ ಗೂಗಲ್ಲಿನದ್ದೇ ಕಾವಲು, ವಠಾರದ ಓನರ್ ಕಡೆಯದು. ಬ್ರೌಸರ್, ವಾಟ್ಸಾಪ್ ಇಂಥ ಕಡೆಯಿಂದ ಬಂದು ಎಸ್‌ಎಮ್‌ಎಸ್ ಓದಲು ಹವಣಿಸುವ ಆಪುಗಳನ್ನು ಇನ್‌ಸ್ಟಾಲ್ ಆಗುವಾಗಲೇ ತಡೆಯುವ ವ್ಯವಸ್ಥೆಯನ್ನು ಭಾರತದಲ್ಲಿ ತರುವುದಾಗಿ 2024ರ ಅಕ್ಟೋಬರಿನಲ್ಲಿ ಗೂಗಲ್ ಹೇಳಿತ್ತು. ಆದರೆ ಮಾವನ ಫೋನಲ್ಲಿ ಪ್ಲೇ ಪ್ರೊಟೆಕ್ಟೇ ಆಫ್ ಆಗಿತ್ತು. ಯಾವುದೋ ಪುಕ್ಕಟೆ ಸಿನಿಮಾ ತೋರಿಸುವ ಆಪು ಹಾಕಲು ಅವರ ಮಗ ಯಾವತ್ತೋ ಆಫ್ ಮಾಡಿದ್ದು. ಎರಡನೆಯದು, ಆಂಡ್ರಾಯ್ಡ್ 8ರಿಂದ ಈಚೆಗೆ ಹೊರಗಿನ ಆಪು ಹಾಕುವ ಅನುಮತಿಯನ್ನು ಒಂದೊಂದು ಆಪಿಗೂ ಬೇರೆ ಬೇರೆ ಕೊಡಬೇಕು. ಸೆಟ್ಟಿಂಗ್ಸಿನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ಅಂತ ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ ಮ್ಯಾನೇಜರ್ ಎಲ್ಲದರ ಮುಂದೆಯೂ ಬೇಡ ಅಂತ ಇರಬೇಕು. ಇವೆರಡನ್ನು ನೋಡೋಕೆ ಒಂದು ಫೋನಿಗೆ ಐದು ನಿಮಿಷ ಸಾಕು. ನಿಮ್ಮ ಅಪ್ಪ ಅಮ್ಮ, ಅತ್ತೆ ಮಾವ, ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರು ಎಲ್ಲರ ಫೋನನ್ನೂ ಒಮ್ಮೆ ಕೈಗೆ ತಗೊಂಡು ನೋಡಿ ದಯವಿಟ್ಟು. ಮದುವೆ ಕಾಗದ ಅಂತಷ್ಟೇ ಅಲ್ಲ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೀಗೆ ನಾನಾ ಹೆಸರಲ್ಲಿ ಎಪಿಕೆ ಬರುತ್ತೆ. ಗುರುತಿನವರ ನಂಬರಿನಿಂದ ಬರೋದು ಯಾಕೆ ಅಂದ್ರೆ ಅವರ ಫೋನು ಆಗಲೇ ಕೇಡಿಗಳ ಕೈಯಲ್ಲಿರುತ್ತೆ.

ಯಾರಿಗಾದರೂ ಹೀಗಾದರೆ ಮೊದಲು ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆಫ್ ಇದೆಯಾ ನೋಡಿ. ಬೇರೆ ಫೋನಿಂದ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ ಖಾತೆ ನಿಲ್ಲಿಸಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತೆ, ಎಷ್ಟು ಬೇಗ ಹೇಳಿದರೆ ಅಷ್ಟು ತಡೆ ಹಿಡಿಯಬಹುದು. ಮಾವನದ್ದು 31 ಸಾವಿರ ಹಾಗೆ ಸಿಕ್ಕಿತು. ಆಮೇಲೆ ಫೋಟೋಗಳನ್ನು ತೆಗೆದಿಟ್ಟುಕೊಂಡು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿಬಿಡಿ. ಮಾಡುವ ಮುಂಚೆ ದೂರಿಗೆ ಬೇಕಾಗುವ ಸ್ಕ್ರೀನ್‌ಶಾಟ್, ಮೆಸೇಜುಗಳನ್ನು ಬೇರೆ ಕಡೆ ಉಳಿಸಿಕೊಳ್ಳೋದು ಮರೀಬೇಡಿ. ಐಫೋನಿನವರಿಗೆ ಹೇಳೋಕೆ ಹೆಚ್ಚೇನಿಲ್ಲ. ಅಲ್ಲಿ ಒಂದು ಆಪು ಇನ್ನೊಂದನ್ನು ತಪಾಸಣೆ ಮಾಡೋಕೆ ಆಗೋದೇ ಇಲ್ಲ, ಆಂಟಿವೈರಸ್ ಹೆಸರಲ್ಲಿ ಸಿಗೋದು ವಿಪಿಎನ್ ಇತ್ಯಾದಿ.

ಹಾರ್ಡ್ ಡಿಸ್ಕ್ ಯಾಕೆ ಅಂದೆ ಅಂತ ಹೇಳಬೇಕಲ್ಲ. 2017ರ ಮೇ 12ರಂದು ವಾನಾಕ್ರೈ ಬಂತು. ಕಡತಗಳನ್ನೆಲ್ಲ ಬೀಗ ಹಾಕಿ, ಬಿಡಿಸಲು 300 ಡಾಲರ್ ಕೇಳುತ್ತಿತ್ತು. ಅದು ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್ ಮುಚ್ಚಿ ಅಪ್‌ಡೇಟ್ ಕೊಟ್ಟದ್ದು ಅದೇ ವರ್ಷ ಮಾರ್ಚ್ 14ಕ್ಕೆ, ಅಂದ್ರೆ ಎರಡು ತಿಂಗಳು ಮುಂಚೆ. "ಅಪ್‌ಡೇಟ್ ಅಂದ್ರೆ ಬರೀ ತಲೆನೋವು" ಅಂತ ಮುಂದೂಡಿದವರ ಕಂಪ್ಯೂಟರಿಗೇ ಅದು ಬಡಿದದ್ದು. ಆಗ ಕಾಪಾಡಿದ್ದು ಎರಡೇ: ಅಪ್‌ಡೇಟ್ ಹಾಕಿಕೊಂಡಿರೋದು, ಇಲ್ಲವೇ ಕಡತಗಳ ನಕಲು ಬೇರೆ ಕಡೆ ಇರೋದು. ಡಿಸ್ಕಿಗೆ ನಕಲು ಮಾಡಿದ ಮೇಲೆ ಕಿತ್ತು ಬೀರುವಿನಲ್ಲಿ ಇಡಿ. ಸದಾ ಚುಚ್ಚಿಟ್ಟಿದ್ದರೆ ಅದಕ್ಕೂ ಬೀಗ ಬೀಳುತ್ತೆ. ಡಿಫೆಂಡರಿನಲ್ಲೂ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಅಂತ ಒಂದು ಸೌಲಭ್ಯ ಇದೆ, ನೀವು ಹೇಳಿದ ಫೋಲ್ಡರುಗಳನ್ನು ಗೊತ್ತಿಲ್ಲದ ತಂತ್ರಾಂಶ ಮುಟ್ಟದ ಹಾಗೆ. ಅದನ್ನು ನಾವೇ ಆನ್ ಮಾಡಬೇಕು. ನಾನು ಮಾಡಿದೀನಿ, ವಾರಕ್ಕೊಮ್ಮೆ ಕಿರಿಕಿರಿ ಮಾಡುತ್ತೆ, ಸಹಿಸಿಕೊಂಡಿದೀನಿ.

ಕದ್ದ ತಂತ್ರಾಂಶದ ಬಗ್ಗೆ ಉಪದೇಶ ಮಾಡೋಕೆ ನನಗೆ ಇಷ್ಟ ಇಲ್ಲ. ಆದರೆ ಫೋಟೋಶಾಪ್ ಕ್ರ್ಯಾಕ್ ಹಾಕುವ ವಿಡಿಯೋಗಳಲ್ಲಿ ಮೊದಲ ಹೆಜ್ಜೆಯೇ "ಆಂಟಿವೈರಸ್ ಆಫ್ ಮಾಡಿ" ಅಂತ ಇರುತ್ತಲ್ಲ, ಅದನ್ನು ಒಮ್ಮೆ ಯೋಚನೆ ಮಾಡಿ. ಕಳ್ಳನೇ ಬಂದು "ಸ್ವಲ್ಪ ನಾಯಿ ಕಟ್ಟಿಹಾಕಿ ಸಾರ್" ಅಂದ ಹಾಗೆ. ಅದಕ್ಕಿಂತ ತಮಾಷೆ ಕ್ರ್ಯಾಕ್ ಮಾಡಿದ ಆಂಟಿವೈರಸ್ ಹಾಕಿಕೊಳ್ಳೋದು. ಬರೆಯೋಕೆ, ಲೆಕ್ಕ ಇಡೋಕೆ ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತೆ, ಮೆನು ಕೂಡ ಕನ್ನಡದಲ್ಲಿ ಬರುತ್ತೆ. ಯಾವುದಾದರೂ ಕಡತದ ಮೇಲೆ ಅನುಮಾನ ಇದ್ದರೆ ವೈರಸ್‌ಟೋಟಲ್ ತಾಣಕ್ಕೆ ಹಾಕಿ ನೋಡಿ, ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತೆ. ಆಧಾರ್ ಪ್ರತಿ, ಮನೆ ಪತ್ರ ಅಂಥದ್ದನ್ನು ಮಾತ್ರ ಅಲ್ಲಿ ಹಾಕಬೇಡಿ, ಅಲ್ಲಿಗೆ ಹೋದದ್ದು ಬೇರೆ ಕಂಪನಿಗಳಿಗೂ ಸಿಗುತ್ತೆ.

ವಿಂಡೋಸ್ 10 ಇಟ್ಟುಕೊಂಡವರು ಇನ್ನೊಂದು ಗಮನಿಸಬೇಕು. ಅದಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರಿನ ಕೇಡಿಗಳ ಪಟ್ಟಿಯನ್ನು 2028ರ ಅಕ್ಟೋಬರಿನವರೆಗೆ ಕೊಡ್ತೀವಿ ಅಂದಿದಾರೆ. ಆದರೆ ಪಟ್ಟಿ ಹೊಸದಿದ್ದು ಗೋಡೆಯಲ್ಲಿ ಕಿಂಡಿ ಇದ್ದರೆ ಏನು ಬಂತು? 11ಕ್ಕೆ ಹೋಗಲು ಆಗದ ಹಳೇ ಲ್ಯಾಪ್‌ಟಾಪಾದರೆ ಲಿನಕ್ಸ್ ಮಿಂಟ್ ಹಾಕಿ. ಬ್ರೌಸರ್ ಮತ್ತು ಕನ್ನಡ ಟೈಪಿಂಗ್, ನಮ್ಮಂಥ ಬ್ಲಾಗಿಗರಿಗೆ ಬೇಕಾದದ್ದು ಇನ್ನೇನು?

ದುಡ್ಡು ಕೊಟ್ಟು ಕೊಳ್ಳಬೇಕಾದವರು ಯಾರೂ ಇಲ್ಲವೇ ಅಂದ್ರೆ, ಇದಾರೆ. ನಮ್ಮೂರ ಜೆರಾಕ್ಸ್ ಅಂಗಡಿ. ದಿನಕ್ಕೆ ಐವತ್ತು ಜನ ಪೆನ್‌ಡ್ರೈವ್ ತಂದು ಚುಚ್ಚುತ್ತಾರೆ, ಅಂತರ್ಜಾಲ ಇದ್ದರೆ ಇದೆ, ಮಳೆಗಾಲದಲ್ಲಿ ಇಲ್ಲ. ಡಿಫೆಂಡರ್ ಮೂರನೇ ವಿಧಾನವನ್ನು, ಅಂದ್ರೆ ಅಂತರ್ಜಾಲದಲ್ಲಿ ಕೇಳಿ ತಿಳಿಯೋದನ್ನು, ಬಹಳ ನೆಚ್ಚಿಕೊಂಡಿದೆ. ಸಂಪರ್ಕ ಇಲ್ಲದಾಗ ಅದರ ಕಣ್ಣು ಮಂಜಾಗುತ್ತೆ, ಪ್ರಯೋಗಾಲಯಗಳ ಪರೀಕ್ಷೆಯಲ್ಲೂ ಇದು ಕಂಡಿದೆ. ಅಂಥ ಕಡೆ ಪುಣೆಯ ಕ್ವಿಕ್ ಹೀಲ್ ಅಥವಾ ಚೆನ್ನೈನ ಕೆ7 ಹಾಕಿಸಿಕೊಳ್ಳಿ ಅಂತ ಹೇಳ್ತೀನಿ. ತೊಂದರೆ ಆದರೆ ಮಾರಿದ ಅಂಗಡಿಯವರು ಬಂದು ನೋಡ್ತಾರೆ, ಅದಕ್ಕೂ ಬೆಲೆ ಇದೆ. ಈಗಾಗಲೇ ಸೋಂಕು ತಗುಲಿದ್ದರೆ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ತೊಳೆಯುವ ತಂತ್ರಾಂಶ ಪುಕ್ಕಟೆ ಸಿಗುತ್ತೆ. ನಿಮ್ಮಲ್ಲಿ ಯಾರಾದರೂ ಇಂಥ ಅಂಗಡಿ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಪ್ರಿಂಟರು ಸ್ಕ್ಯಾನರು ಎಲ್ಲ ಸರಿಯಾಗಿ ನಡೆಸ್ತಾ ಇದ್ದರೆ ಹೇಗೆ ಮಾಡಿದಿರಿ ಅಂತ ಬರೆದು ತಿಳಿಸಿ. ದೀಪಾವಳಿಗೆ ಊರಿಗೆ ಹೋಗ್ತಾ ಇದೀನಿ, ಅಂಗಡಿಯವರು ಆಗಲೇ ಎರಡು ಸಲ ಫೋನ್ ಮಾಡಿದಾರೆ.